ನಿಮ್ಮ ಮನೆ ನಡೆಯಲು ನಿಜಕ್ಕೂ ಎಷ್ಟು ಬೇಕು? ವರ್ಷದ ಲೆಕ್ಕ ಹಾಕುವ ಬಗೆ

"ಕೊಪ್ಪಳದಲ್ಲಿ ಸಂಸಾರ ಮಾಡೋಕೆ ತಿಂಗಳಿಗೆ ಎಷ್ಟು ಬೇಕು?" ಈ ಪ್ರಶ್ನೆ ನನಗೆ ಮತ್ತೆ ಮತ್ತೆ ಬರುತ್ತದೆ. ಗಿಣಿಗೇರಿ ಕಡೆಯ ಕಾರ್ಖಾನೆಯೊಂದರಲ್ಲಿ ಹದಿನೈದು ಸಾವಿರಕ್ಕೆ ಕರೆದಿದ್ದಾರೆ, ಹೋಗಲಾ ಎಂದು ಕೇಳುವ ಹುಡುಗರಿದ್ದಾರೆ. ಬಳ್ಳಾರಿಯಲ್ಲಿ ಜೀನ್ಸ್ ಹೊಲಿಯುವ ಅಕ್ಕಂದಿರು, ಸಿಂಧನೂರಿನ ರೈಸ್ ಮಿಲ್ಲಿನ ಹಮಾಲರು, ರಾಯಚೂರಿನಲ್ಲಿ ಬಾಡಿಗೆ ಮನೆ ಹಿಡಿದ ಅತಿಥಿ ಶಿಕ್ಷಕರೂ ಕೇಳುತ್ತಾರೆ. ಎಲ್ಲರಿಗೂ ಒಂದೇ ಅಂಕಿ ಹೇಳಿದರೆ ಸುಳ್ಳಾಗುತ್ತದೆ. ಅದಕ್ಕೇ ಲೆಕ್ಕ ಹಾಕುವ ದಾರಿಯನ್ನೇ ಇಲ್ಲಿ ಬರೆದಿದ್ದೇನೆ. ಎರಡು ಭಾನುವಾರ ಮೀಸಲಿಟ್ಟರೆ ನಿಮ್ಮ ಮನೆಯ ಅಂಕಿ ನಿಮಗೇ ಸಿಗುತ್ತದೆ.

ಶುರು ಮಾಡುವ ಮುಂಚೆ ಒಂದು ವಿಷಯ. ನೀವು ಈಗ ಮಾಡುತ್ತಿರುವ ಖರ್ಚು ಬೇರೆ, ಬದುಕಲು ಬೇಕಾದ ಖರ್ಚು ಬೇರೆ. ಹನ್ನೆರಡು ಸಾವಿರ ದುಡಿಯುವ ಮನೆ ಹನ್ನೆರಡು ಸಾವಿರದಲ್ಲೇ ಬದುಕುತ್ತದೆ, ನಿಜ. ಆದರೆ ಹಾಲು ಅರ್ಧ ಲೀಟರಿಗೆ ಇಳಿದಿರುತ್ತದೆ, ಹಲ್ಲು ನೋವಿಗೆ ಲವಂಗ ಬಂದಿರುತ್ತದೆ, ಮಗಳ ಟ್ಯೂಷನ್ ನಿಂತಿರುತ್ತದೆ. ಬಿಟ್ಟಿದ್ದನ್ನೂ ಬರೆದಾಗಲೇ ಲೆಕ್ಕ ಪೂರ್ತಿ.

ಮೂರು ಪದಗಳ ಅರ್ಥ

1948ರಲ್ಲಿ ಕೇಂದ್ರದ ನ್ಯಾಯಯುತ ವೇತನ ಸಮಿತಿ ಸಂಬಳವನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿತು. ಕೆಳಗಿನದು ಕನಿಷ್ಠ ವೇತನ, ಅದಕ್ಕಿಂತ ಕಡಿಮೆ ಕೊಡುವಂತಿಲ್ಲ. ಮೇಲಿನದು ಜೀವನ ವೇತನ. ಊಟ, ಬಟ್ಟೆ, ಸೂರಿನ ಜೊತೆಗೆ ಮಕ್ಕಳ ಓದು, ಕಾಯಿಲೆ, ಮುಪ್ಪು, ಒಂದಿಷ್ಟು ಮರ್ಯಾದೆಯ ಬದುಕು ಎಲ್ಲವನ್ನೂ ಭರಿಸುವ ಸಂಬಳ ಅದು. ಇವೆರಡರ ನಡುವೆ ಇರುವುದು ನ್ಯಾಯಯುತ ವೇತನ. ಸಂವಿಧಾನದ 43ನೇ ವಿಧಿ ಸರ್ಕಾರಕ್ಕೆ ಗುರಿಯಾಗಿ ಇಟ್ಟಿರುವುದು ಕನಿಷ್ಠ ವೇತನವನ್ನಲ್ಲ, ಜೀವನ ವೇತನವನ್ನು.

ಕರ್ನಾಟಕದಲ್ಲಿ ಕನಿಷ್ಠ ವೇತನ ಕೆಲಸಕ್ಕೆ ತಕ್ಕಂತೆ, ಊರಿನ ವಲಯಕ್ಕೆ ತಕ್ಕಂತೆ ಬದಲಾಗುತ್ತದೆ. ಅದರಲ್ಲಿ ಮೂಲ ವೇತನದ ಜೊತೆ ತುಟ್ಟಿಭತ್ಯೆ ಸೇರಿರುತ್ತದೆ. ಬೆಲೆ ಏರಿದ್ದಕ್ಕೆ ಸೇರಿಸಿ ಕೊಡುವ ದುಡ್ಡು ಅದು. ಪ್ರತಿ ವರ್ಷ ಏಪ್ರಿಲ್ 1ಕ್ಕೆ ಪರಿಷ್ಕರಣೆ ಆಗುತ್ತದೆ. ನಿಮ್ಮ ಕೆಲಸದ ದರಪಟ್ಟಿಯನ್ನು ಜಿಲ್ಲೆಯ ಕಾರ್ಮಿಕ ಅಧಿಕಾರಿ ಕಚೇರಿಯಲ್ಲಿ ಕೇಳಿ ಒಂದು ಪ್ರತಿ ತಂದಿಟ್ಟುಕೊಳ್ಳಿ. ಕೊನೆಯಲ್ಲಿ ಹೋಲಿಸಿ ನೋಡಲು ಬೇಕಾಗುತ್ತದೆ.

ಏನೇನು ಇಟ್ಟುಕೊಂಡು ಕೂರಬೇಕು

ಇನ್ನೂರು ಪುಟದ ಒಂದು ನೋಟ್‌ಬುಕ್, ಕಿರಾಣಿ ಅಂಗಡಿಯ ಉದ್ರಿ ಪುಸ್ತಕ, ಫೋನ್‌ಪೇ ಅಥವಾ ಗೂಗಲ್ ಪೇ ಪಾವತಿ ಪಟ್ಟಿ, ಜೆಸ್ಕಾಂ ಬಿಲ್ಲು, ಗ್ಯಾಸ್ ರಸೀದಿ, ಶಾಲೆಯ ರಸೀದಿ, ಔಷಧಿ ಅಂಗಡಿಯ ಚೀಟಿ. ಇವೆಲ್ಲಕ್ಕಿಂತ ಮುಖ್ಯ, ಮನೆಯಲ್ಲಿ ಸಂತೆ ಮಾಡುವವರು ಪಕ್ಕದಲ್ಲಿ ಕೂರಬೇಕು. ಗಂಡಸರು ಒಬ್ಬರೇ ಕೂತು ಬರೆದ ಲೆಕ್ಕದಲ್ಲಿ ಪೆಟ್ರೋಲ್ ಪೈಸೆ ಸಮೇತ ಇರುತ್ತದೆ, ಸೀಗೆಕಾಯಿ, ಸ್ಯಾನಿಟರಿ ಪ್ಯಾಡ್, ಗಿರಣಿ ದುಡ್ಡು ಇರುವುದೇ ಇಲ್ಲ.

ಲೇಖನದುದ್ದಕ್ಕೂ ಒಂದು ಮಾದರಿ ಮನೆ ಇಟ್ಟುಕೊಳ್ಳುತ್ತೇನೆ. ಕೊಪ್ಪಳದ ಪಕ್ಕದ ಭಾಗ್ಯನಗರದಲ್ಲಿ ಬಾಡಿಗೆಗಿರುವ ಗಂಡ, ಹೆಂಡತಿ, ಇಬ್ಬರು ಮಕ್ಕಳು, ಗಂಡನ ತಾಯಿ. ಇದರಲ್ಲಿ ಬರುವ ರೂಪಾಯಿಗಳು ಲೆಕ್ಕದ ರೀತಿ ತೋರಿಸಲು ನಾನೇ ಹಿಡಿದ ಅಂಕಿಗಳು, ದರಪಟ್ಟಿ ಅಲ್ಲ. ಪ್ರತಿ ಸಾಲಿನಲ್ಲೂ ನಿಮ್ಮ ಊರಿನ ದರ ಹಾಕಿಕೊಳ್ಳಿ.

ಹಂತ 1: ಉಣ್ಣುವ ತಲೆ ಎಣಿಸಿ

ಐದು ಜನ ಎಂದರೆ ಐದು ಪೂರ್ತಿ ಊಟ ಅಲ್ಲ. 1957ರ 15ನೇ ಭಾರತೀಯ ಕಾರ್ಮಿಕ ಸಮ್ಮೇಳನ ಇದಕ್ಕೊಂದು ಅಳತೆ ಕೊಟ್ಟಿತು. ಅದಕ್ಕೆ 'ಬಳಕೆ ಘಟಕ' ಎಂದು ಹೆಸರು. ದುಡಿಯುವ ಗಂಡಸು 1, ಹೆಂಗಸು 0.8, ಒಂದೊಂದು ಮಗು 0.6. ನಾಲ್ವರ ಮನೆಗೆ ಒಟ್ಟು 3.

ಈ ಲೆಕ್ಕದಲ್ಲಿ ಅಪ್ಪ-ಅಮ್ಮ ಇಲ್ಲ. ನಮ್ಮ ಮನೆಗಳಲ್ಲಿ ಇರುತ್ತಾರೆ. ವಯಸ್ಸಾದವರನ್ನು ಊಟದ ಮಟ್ಟಿಗೆ 0.6 ಎಂದು ಹಿಡಿಯಿರಿ. ಹೀಗಾಗಿ ನಮ್ಮ ಮಾದರಿ ಮನೆ 3.6. ಕಾಕತಾಳೀಯ ಎಂಬಂತೆ, ಕೇಂದ್ರ ಸರ್ಕಾರದ ಪರಿಣತರ ಸಮಿತಿ 2019ರಲ್ಲಿ ಕೊಟ್ಟ ವರದಿಯೂ ಕುಟುಂಬವನ್ನು 3.6 ಘಟಕ ಎಂದೇ ಹಿಡಿದಿತ್ತು.

ಒಂದು ಎಚ್ಚರಿಕೆ. ಹೊಲದಲ್ಲಿ ನಾಟಿ ಹಚ್ಚುವ, ತಲೆ ಮೇಲೆ ಇಟ್ಟಿಗೆ ಹೊರುವ ಹೆಂಗಸನ್ನು 0.8 ಎನ್ನುವುದು ನನಗೆ ಒಪ್ಪಿತವಲ್ಲ. ಮೈಮುರಿದು ದುಡಿಯುವವರು ಯಾರೇ ಇರಲಿ, 1 ಎಂದೇ ಬರೆಯಿರಿ.

ಹಂತ 2: ಊಟದ ಪಟ್ಟಿ

ಇಲ್ಲಿ ಅವಸರ ಮಾಡಬೇಡಿ. ದೊಡ್ಡ ಖರ್ಚು ಇದೇ, ತಪ್ಪು ಜಾಸ್ತಿ ಆಗುವುದೂ ಇಲ್ಲೇ.

ಮೊದಲು ಒಂದು ತಿಂಗಳಿಗೆ ಏನೇನು, ಎಷ್ಟೆಷ್ಟು ಬೇಕು ಎಂದು ತೂಕದಲ್ಲಿ ಬರೆಯಿರಿ. ಬೆಲೆ ಆಮೇಲೆ. ಮಾದರಿ ಮನೆಯ ಪಟ್ಟಿ ಹೀಗಿದೆ:

ಜೋಳ 25 ಕೆ.ಜಿ., 40ರಂತೆ 1,000
ಗಿರಣಿ 125
ಅಕ್ಕಿ 20 ಕೆ.ಜಿ., 50ರಂತೆ 1,000
ತೊಗರಿಬೇಳೆ, ಹೆಸರು, ಅಲಸಂದಿ ಸೇರಿ 6 ಕೆ.ಜಿ., 120ರಂತೆ 720
ಅಡುಗೆ ಎಣ್ಣೆ 4 ಕೆ.ಜಿ., 150ರಂತೆ 600
ಹಾಲು ದಿನಕ್ಕೆ ಒಂದು ಲೀಟರ್, 50ರಂತೆ 1,500
ತರಕಾರಿ, ಸೊಪ್ಪು, ಹಣ್ಣು ವಾರಕ್ಕೆ 450ರಂತೆ, ತಿಂಗಳಿಗೆ 1,950
ಮೊಟ್ಟೆ, ಮಾಂಸ 1,000
ಶೇಂಗಾ, ಬೆಲ್ಲ, ಸಕ್ಕರೆ, ಚಹಾಪುಡಿ, ಖಾರ, ಮಸಾಲೆ 1,200
ಹೊರಗಿನ ಚಹಾ, ಒಗ್ಗರಣೆ-ಮಿರ್ಚಿ 900

ಒಟ್ಟು 9,995. ಹತ್ತು ಸಾವಿರ ಎನ್ನೋಣ.

ಈ ಪಟ್ಟಿ ಹೊಟ್ಟೆ ತುಂಬಿಸುತ್ತದೆಯೇ? ನೋಡಲು ಸುಲಭ ದಾರಿ ಇದೆ. ಜೋಳ, ಅಕ್ಕಿ, ಬೇಳೆ ಯಾವುದೇ ಇರಲಿ, 100 ಗ್ರಾಂಗೆ ಸುಮಾರು 350 ಕ್ಯಾಲೊರಿ. ಕ್ಯಾಲೊರಿ ಎಂದರೆ ಊಟದಿಂದ ಮೈಗೆ ಸಿಗುವ ಶಕ್ತಿಯ ಅಳತೆ. ಎಣ್ಣೆ 100 ಗ್ರಾಂಗೆ 900, ಹಾಲು 65ರ ಆಸುಪಾಸು. ಶೇಂಗಾ ಎರಡು ಕಿಲೋ, ಬೆಲ್ಲ-ಸಕ್ಕರೆ ನಾಲ್ಕು ಕಿಲೋ ಎಂದು ಹಿಡಿದು ಕೂಡಿಸಿದರೆ ನಮ್ಮ ಪಟ್ಟಿಯಿಂದ ತಿಂಗಳಿಗೆ ಸುಮಾರು 2,60,000 ಕ್ಯಾಲೊರಿ. ಅದನ್ನು 3.6 ಘಟಕ, 30 ದಿನಕ್ಕೆ ಭಾಗಿಸಿದರೆ ಒಂದು ಘಟಕಕ್ಕೆ ದಿನಕ್ಕೆ 2,400. ಆ 2019ರ ವರದಿ ಹೇಳಿದ್ದೂ 2,400ನ್ನೇ, ಜೊತೆಗೆ 50 ಗ್ರಾಂ ಪ್ರೋಟೀನ್, 30 ಗ್ರಾಂ ಕೊಬ್ಬು. 1957ರ ಸಮ್ಮೇಳನ 2,700 ಎಂದಿತ್ತು. ಚೀಲ ಹೊರುವ ಹಮಾಲರಿಗೆ ಹಳೆಯ ಅಂಕಿಯೇ ಸರಿ. ಅವರ ಮನೆಯ ಪಟ್ಟಿಗೆ ಮೂರ್ನಾಲ್ಕು ಕಿಲೋ ಜೋಳ, ಒಂದಿಷ್ಟು ಶೇಂಗಾ ಸೇರಿಸಿ.

ಇನ್ನು ಎಡವುವ ಜಾಗಗಳು.

ಬರೀ ಕ್ಯಾಲೊರಿ ನೋಡಿ ಪಟ್ಟಿ ಮಾಡಿದರೆ ಅಕ್ಕಿ, ಎಣ್ಣೆಯಲ್ಲೇ ಎಲ್ಲ ಮುಗಿದುಹೋಗುತ್ತದೆ. ಹೊಟ್ಟೆ ತುಂಬುತ್ತದೆ, ರಕ್ತ ಕಡಿಮೆ ಆಗುತ್ತದೆ. ಬೇಳೆ, ಸೊಪ್ಪು, ಹಾಲು, ಮೊಟ್ಟೆಯ ಸಾಲುಗಳನ್ನು ದುಬಾರಿ ಎಂದು ಹೊಡೆದು ಹಾಕಬೇಡಿ.

ಸುಗ್ಗಿಯ ದರ ಹಾಕಿಕೊಂಡು ಮೋಸ ಹೋಗಬೇಡಿ. ಹಿಂಗಾರಿ ಜೋಳ ಮನೆಗೆ ಬರುವ ಫೆಬ್ರವರಿ, ಮಾರ್ಚ್ ತಿಂಗಳ ದರ ಶ್ರಾವಣದಲ್ಲಿ ಇರುವುದಿಲ್ಲ. ವರ್ಷಕ್ಕೆ ಸಾಕಾಗುವಷ್ಟು ಚೀಲಗಟ್ಟಲೆ ಒಮ್ಮೆಗೇ ಕೊಳ್ಳುವ ತಾಕತ್ತು ಇದ್ದವರಿಗೆ ಮಾತ್ರ ಸುಗ್ಗಿ ದರ. ವಾರದ ಕೂಲಿಯಲ್ಲಿ ಐದೈದು ಕಿಲೋ ತರುವವರು ವರ್ಷದಲ್ಲಿ ಮೂರು ಸಲ ದರ ಬರೆದು ಸರಾಸರಿ ಹಿಡಿಯಬೇಕು. ಟೊಮೆಟೊ, ಈರುಳ್ಳಿಗಂತೂ ಒಂದು ಸಂತೆಯ ದರ ನಂಬಲೇಬೇಡಿ.

ದರ ಕೇಳುವುದು ನೀವು ನಿಜವಾಗಿ ಕೊಳ್ಳುವ ಅಂಗಡಿಯಲ್ಲಿ. ಉದ್ರಿ ಕೊಡುವ ಅಂಗಡಿಯಲ್ಲಿ ಕಿಲೋಗೆ ಎರಡು-ಮೂರು ರೂಪಾಯಿ ಜಾಸ್ತಿ ಇರಬಹುದು. ಅದೇ ನಿಮ್ಮ ದರ, ಸೂಪರ್ ಮಾರ್ಕೆಟ್ ಆಫರ್ ಅಲ್ಲ.

ಪಡಿತರ ಅಕ್ಕಿ ಪುಕ್ಕಟೆ ಬಂದರೂ ಪೇಟೆ ದರದಲ್ಲೇ ಬರೆದು, ಪಕ್ಕದಲ್ಲಿ 'ಪಡಿತರ' ಎಂದು ಗುರುತು ಹಾಕಿ. ಹೊಲದ ಕೆಲಸಕ್ಕೆ ಕೂಲಿಯ ಬದಲು ಕಾಳು ಸಿಕ್ಕಿದ್ದರೆ ಅದಕ್ಕೂ ಇದೇ ಕ್ರಮ. ಯಾಕೆ ಎಂದು ಹಂತ 6ರಲ್ಲಿ ಹೇಳುತ್ತೇನೆ.

ಕುಡಿತ, ಗುಟ್ಕಾ? ಬಹಳ ಜನ ಕೇಳಲು ನಾಚುತ್ತಾರೆ. ಮನೆಯ ಡೈರಿಯಲ್ಲಿ ಇರಲಿ, ಈ ಪಟ್ಟಿಯಲ್ಲಿ ಬೇಡ. ಆದರೆ 'ಹೊರಗಿನ ಚಹಾ'ದ ಒಳಗೆ ಬಚ್ಚಿಡಬೇಡಿ. ಪಕ್ಕದಲ್ಲಿ ಕೂತವರಿಗೆ ಗೊತ್ತಾಗಿಯೇ ಆಗುತ್ತದೆ.

ಹಂತ 3: ಸೂರು, ನೀರು, ಕರೆಂಟು

ಬಾಡಿಗೆ ಎಷ್ಟು ಕೊಡುತ್ತೀರೋ ಅಷ್ಟೇ ಬರೆದರೆ ಸಾಲದು. ಈಗಿನ ಮನೆ ಬದುಕಲು ತಕ್ಕುದೇ? ಸೋರದ ಸೂರು, ಮನೆಗೊಂದು ಕಕ್ಕಸು, ಅಡುಗೆಗೆ ಬೇರೆ ಜಾಗ, ಬೆಳೆದ ಮಕ್ಕಳು ಮಲಗಲು ಇನ್ನೊಂದು ಕೋಣೆ, ಗಾಳಿಯಾಡುವ ಕಿಟಕಿ. ಇಷ್ಟೂ ಇರುವ ಮನೆಗೆ ನಿಮ್ಮ ಓಣಿಯಲ್ಲಿ ಎಷ್ಟು ಬಾಡಿಗೆ ಎಂದು ಮೂರು ಕಡೆ ವಿಚಾರಿಸಿ, ನಡುವಿನ ಅಂಕಿ ತೆಗೆದುಕೊಳ್ಳಿ. ತಗಡಿನ ಶೆಡ್ಡಿನ ಬಾಡಿಗೆ ಹಾಕಿ ಲೆಕ್ಕ ಮಾಡಿದರೆ ರಾಯಚೂರಿನ ಮೇ ತಿಂಗಳು ನಿಮ್ಮ ಲೆಕ್ಕದಲ್ಲಿ ಇಲ್ಲ ಎಂದೇ ಅರ್ಥ.

ಸ್ವಂತ ಮನೆ ಇದ್ದವರು ಸೊನ್ನೆ ಬರೆಯುತ್ತಾರೆ. ಅದು ತಪ್ಪು. ಅಂಥದ್ದೇ ಮನೆಯ ಬಾಡಿಗೆಯನ್ನು ಬರೆಯಿರಿ. ಸಂಬಳ ಎಷ್ಟಿರಬೇಕು ಎಂಬುದು ಅಜ್ಜ ಕಟ್ಟಿಸಿದ ಮನೆಯ ಮೇಲೆ ನಿಲ್ಲಬಾರದು ಅಲ್ವಾ?

ಕುಡಿಯುವ ನೀರನ್ನು ಬೇರೆ ಸಾಲಿನಲ್ಲಿ ಬರೆಯಿರಿ. ಕೊಪ್ಪಳ, ರಾಯಚೂರು ಜಿಲ್ಲೆಗಳ ಎಷ್ಟೋ ಊರುಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಹಲ್ಲು ಕಂದಾಗುವುದು, ಮೊಣಕಾಲು ಹಿಡಿದುಕೊಳ್ಳುವುದು ಅದರಿಂದಲೇ. ಹೀಗಾಗಿ ಫಿಲ್ಟರ್ ನೀರಿನ ಕ್ಯಾನು ಇಲ್ಲಿ ಶೋಕಿ ಅಲ್ಲ. ಘಟಕ ದೂರ ಇದ್ದರೆ ನೀರು ತರುವ ಗಾಡಿಯ ಬಾಡಿಗೆಯನ್ನೂ ಸೇರಿಸಿ.

ಮಾದರಿ ಮನೆ: ಬಾಡಿಗೆ 4,000. ಗ್ಯಾಸ್ 900, ಕುಡಿಯುವ ನೀರು 300, ಕರೆಂಟು 400, ಈ ಮೂರೂ ಸೇರಿ 1,600. ಬೇಸಿಗೆಯಲ್ಲಿ ಕೂಲರ್ ಓಡುತ್ತದೆ, ಚಳಿಗಾಲದಲ್ಲಿ ಇಲ್ಲ. ಆದ್ದರಿಂದ ಕರೆಂಟಿಗೆ ಹನ್ನೆರಡು ತಿಂಗಳ ಬಿಲ್ಲು ಕೂಡಿಸಿ ಭಾಗಿಸಿ. ಬಾಡಿಗೆ ಮನೆಯ ಅಡ್ವಾನ್ಸ್ ಖರ್ಚಲ್ಲ, ವಾಪಸ್ ಬರುವ ದುಡ್ಡು. ಅದನ್ನು ಸಾಲ ಮಾಡಿ ಕೊಟ್ಟಿದ್ದರೆ ಬಡ್ಡಿ ಮಾತ್ರ ಖರ್ಚು.

ಹಂತ 4: ತಿಂಗಳ ಉಳಿದ ಖರ್ಚು

ಓಡಾಟ 1,800, ಎರಡು ಮೊಬೈಲಿನ ರೀಚಾರ್ಜು 600, ಸೋಪು-ಪೇಸ್ಟು-ಪ್ಯಾಡು 800, ಅಮ್ಮನ ಬಿಪಿ, ಶುಗರ್ ಮಾತ್ರೆ 700. ಇದರಲ್ಲಿ ಕಷ್ಟದ ಲೆಕ್ಕ ಏನಿಲ್ಲ. ಕೆಲಸಕ್ಕೆ ಹೋಗುವ ಟಂಟಂ ಚಾರ್ಜು ಮಾತ್ರ ಮರೆಯಬೇಡಿ. ದಿನಕ್ಕೆ ನಲವತ್ತು ರೂಪಾಯಿ ಎಂದರೆ 26 ದಿನಕ್ಕೆ ಸಾವಿರ ದಾಟುತ್ತದೆ.

ಊಟ, ಸೂರು, ಇದು ಎಲ್ಲ ಕೂಡಿದರೆ ತಿಂಗಳಿಗೆ 19,500. ವರ್ಷಕ್ಕೆ 2,34,000.

ಹಂತ 5: ವರ್ಷಕ್ಕೊಮ್ಮೆ ಬಂದು ಬೆನ್ನು ಮುರಿಯುವ ಖರ್ಚು

ಮನೆಗಳು ಸಾಲಕ್ಕೆ ಬೀಳುವುದು ಜೋಳ-ಬೇಳೆಯಿಂದಲ್ಲ, ಜೂನ್ ತಿಂಗಳಿಂದ. ತಿಂಗಳ ಬಜೆಟ್ ಬರೆಯುವವರ ಪುಸ್ತಕದಲ್ಲಿ ಜೂನ್ ಯಾವಾಗಲೂ 'ಈ ಸಲ ಸ್ವಲ್ಪ ಜಾಸ್ತಿ ಆಯ್ತು' ಎಂದಿರುತ್ತದೆ. ಪ್ರತಿ ಸಲವೂ ಆಗುವುದು 'ಈ ಸಲ' ಹೇಗಾಗುತ್ತದೆ?

ಕ್ಯಾಲೆಂಡರ್ ಮುಂದಿಟ್ಟುಕೊಂಡು ಯುಗಾದಿಯಿಂದ ಯುಗಾದಿಗೆ ನಡೆಯಿರಿ. ಶಾಲೆ ಶುರು, ಕಾರಹುಣ್ಣಿಮೆ, ಮೊಹರಂ, ಪಂಚಮಿಗೆ ತಂಗಿಯನ್ನು ಕರೆತರುವುದು, ದಸರಾ, ದೀಪಾವಳಿ, ಎಳ್ಳಮಾವಾಸ್ಯೆ, ನಿಮ್ಮೂರ ಜಾತ್ರೆ. ಗವಿಮಠದ ಜಾತ್ರೆಯ ದಾಸೋಹದಲ್ಲಿ ಊಟ ಪುಕ್ಕಟೆ. ಅಲ್ಲಿಂದ ಹೊರಗೆ ಬಂದ ಮೇಲೆ ಮಕ್ಕಳು ಕೈ ತೋರಿಸುವ ಆಟಿಕೆ ಪುಕ್ಕಟೆ ಅಲ್ಲ.

ಮಾದರಿ ಮನೆಯ ವರ್ಷದ ಪಟ್ಟಿ:

ಇಬ್ಬರ ಶಾಲೆ: ಫೀಸು, ಪುಸ್ತಕ, ಬ್ಯಾಗು, ಟ್ಯೂಷನ್, ಆಟೋ 30,000
ಬಟ್ಟೆ, ಚಪ್ಪಲಿ, ಚಾದರ 14,000
ಆಸ್ಪತ್ರೆ 15,000
ಹಬ್ಬ, ಜಾತ್ರೆ 12,000
ಮದುವೆ ಮುಯ್ಯಿ, ಸಾವು-ನೋವಿನ ಓಡಾಟ 10,000
ಬೈಕ್ ಸರ್ವಿಸ್, ವಿಮೆ, ಪಾತ್ರೆ-ಪಗಡೆ, ಮಿಕ್ಸಿ ರಿಪೇರಿ 12,000

ಒಟ್ಟು 93,000.

ಆಸ್ಪತ್ರೆಯ ಸಾಲು ಬರೆಯುವಾಗ 'ನಮಗೆ ಆಯುಷ್ಮಾನ್ ಕಾರ್ಡ್ ಇದೆ' ಎಂದು ಸೊನ್ನೆ ಹಾಕಬೇಡಿ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಸಿಗುತ್ತದೆ, ಸರಿ. ಆದರೆ ಜ್ವರ, ಹಲ್ಲು, ಕಣ್ಣು, ಸ್ಕ್ಯಾನಿಂಗ್‌ಗೆ ಮನೆಯವರು ಓಡುವುದು ಹತ್ತಿರದ ಕ್ಲಿನಿಕ್ಕಿಗೆ. ದೊಡ್ಡಾಸ್ಪತ್ರೆಯಲ್ಲಿ ಮಲಗಿದರೂ ಜೊತೆಗಿದ್ದವರ ಊಟ, ಬಸ್ಸು, ಹೋದ ಕೂಲಿಯನ್ನು ಯಾವ ಕಾರ್ಡೂ ಕೊಡುವುದಿಲ್ಲ. ಕಳೆದ ಮೂರು ವರ್ಷದ ಆಸ್ಪತ್ರೆ ಖರ್ಚನ್ನು ನೆನಪು ಮಾಡಿಕೊಂಡು ಕೂಡಿಸಿ, ಮೂರರಿಂದ ಭಾಗಿಸಿ. ಒಂದೇ ವರ್ಷ ನೋಡಿದರೆ ಇಲ್ಲವೇ ಹೆದರಿಕೆ ಹುಟ್ಟುತ್ತದೆ, ಇಲ್ಲವೇ ಭ್ರಮೆ.

ಮುಯ್ಯಿ ಅನಗತ್ಯ ಖರ್ಚು ಎನ್ನುವವರಿದ್ದಾರೆ. ನನ್ನ ಲೆಕ್ಕದಲ್ಲಿ ಅದು ವಿಮೆ ಇದ್ದಂತೆ. ಇಂದು ನೀವು ಹಾಕಿದ ಐನೂರು ನಾಳೆ ನಿಮ್ಮ ಮನೆ ಕಾರ್ಯಕ್ಕೆ ತಿರುಗಿ ಬರುತ್ತದೆ. ಸುಪ್ರೀಂ ಕೋರ್ಟ್ ಕೂಡ 1991ರ ರೆಪ್ಟಕೋಸ್ ಬ್ರೆಟ್ ಕಂಪನಿ ಪ್ರಕರಣದಲ್ಲಿ ಮಕ್ಕಳ ಓದು, ಔಷಧಿ, ಹಬ್ಬ, ಮದುವೆ, ಮುಪ್ಪು, ಒಂದಿಷ್ಟು ಮನರಂಜನೆಯನ್ನು ಕನಿಷ್ಠ ವೇತನದ ಲೆಕ್ಕಕ್ಕೇ ಸೇರಿಸಬೇಕು ಎಂದಿತು. ಅಂದರೆ ಇವು ಶೋಕಿಯ ಖರ್ಚಲ್ಲ.

ಸಾಲದ ಕಂತು ಎಲ್ಲಿ ಬರೆಯುವುದು? ಎಲ್ಲರೂ ಎಡವುವ ಕಡೆ ಇದು. ಸಂಘದ ಸಾಲ ತಂದದ್ದು ಆಸ್ಪತ್ರೆಗೆ ಎಂದಿಟ್ಟುಕೊಳ್ಳಿ. ಆಸ್ಪತ್ರೆ ಖರ್ಚನ್ನು ಮೇಲೆ ಬರೆದಾಗಿದೆ. ಕಂತನ್ನೂ ಬರೆದರೆ ಒಂದೇ ಖರ್ಚು ಎರಡು ಸಲ ಬಂತು. ಆದ್ದರಿಂದ ಕಂತು, ಅಡವಿಟ್ಟ ಬಂಗಾರ, ಚೀಟಿ ಎಲ್ಲವೂ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಬೇರೆಯಾಗಿ ಇರಲಿ. ಚೀಟಿ ಉಳಿತಾಯ, ಖರ್ಚಲ್ಲ. ಕಂತು ಹಳೆಯ ಸಂಬಳ ಸಾಲದೆ ಬಂದದ್ದು. ಅದು ಎಷ್ಟಿದೆ ಎಂದು ನೋಡಿದರೆ ಇಷ್ಟು ದಿನ ನಿಮಗೆ ಎಷ್ಟು ಕಡಿಮೆ ಬಿದ್ದಿದೆ ಎಂಬುದು ತಾನೇ ತಿಳಿಯುತ್ತದೆ.

ಹಂತ 6: ಗ್ಯಾರಂಟಿಗಳನ್ನು ಕಳೆಯಬೇಕೇ?

ಎರಡು ಪುಟ ಮಾಡಿ. ಒಂದು ಮನೆಯ ಪುಟ, ಇನ್ನೊಂದು ಸಂಬಳದ ಪುಟ.

ಮನೆಯ ಪುಟದಲ್ಲಿ ಕಳೆಯಿರಿ. ಗೃಹಲಕ್ಷ್ಮಿಯ ತಿಂಗಳ 2,000, ಪಡಿತರ ಅಕ್ಕಿಯ ಬೆಲೆ, ಹೆಂಗಸರ ಬಸ್ ಚಾರ್ಜು, ಗೃಹಜ್ಯೋತಿಯಲ್ಲಿ ಉಳಿದ ಕರೆಂಟು. ಇವು ನಿಜವಾಗಿಯೂ ಮನೆಯನ್ನು ಹಿಡಿದು ನಿಲ್ಲಿಸಿವೆ. ಗೃಹಜ್ಯೋತಿಯ ಒಂದು ಸೂಕ್ಷ್ಮ ಗೊತ್ತಿರಲಿ. ನಿಮ್ಮ ಹಿಂದಿನ ಸರಾಸರಿ ಬಳಕೆಗೆ ಶೇ 10 ಸೇರಿಸಿ ಬಂದಷ್ಟು ಯೂನಿಟ್ ಮಾತ್ರ ಪುಕ್ಕಟೆ, ಮೇಲಿನ ಮಿತಿ 200. ನಿಮ್ಮ ಪಾಲಿನ ಯೂನಿಟ್ ದಾಟಿದರೆ ಜಾಸ್ತಿ ಆದಷ್ಟಕ್ಕೆ ಬಿಲ್ಲು, 200 ದಾಟಿದರೆ ಪೂರ್ತಿ ಬಿಲ್ಲು. ಬೇಸಿಗೆಯಲ್ಲಿ ಕೂಲರ್ ಹಾಕಿದ ಮನೆಗೆ ಬಿಲ್ಲು ಬರುವುದು ಹೀಗೆ.

ಸಂಬಳದ ಪುಟದಲ್ಲಿ ಕಳೆಯಬೇಡಿ. ನಿಮ್ಮ ದುಡಿಮೆಯ ಬೆಲೆ ಕೊಡಬೇಕಾದವರು ಮಾಲೀಕರು. 'ನಿಮಗೆ ಅಕ್ಕಿ ಪುಕ್ಕಟೆ ಬರುತ್ತದಲ್ಲ, ಅಷ್ಟು ಕೂಲಿ ಯಾಕೆ' ಎಂಬ ಮಾತನ್ನು ನೀವೂ ಕೇಳಿರಬೇಕು. ಅದಕ್ಕೆ ತಲೆಯಾಡಿಸಿದರೆ ಸರ್ಕಾರ ನಿಮಗೆ ಕೊಟ್ಟ ಅಕ್ಕಿ ಮಾಲೀಕರ ಜೇಬಿಗೆ ಹೋಗುತ್ತದೆ. ಯೋಜನೆ ನಾಳೆ ಬದಲಾಗಬಹುದು, ಕಾರ್ಡು ರದ್ದಾಗಬಹುದು. ಒಮ್ಮೆ ಇಳಿದ ಕೂಲಿ ಮಾತ್ರ ಸುಮ್ನೆ ಏರುವುದಿಲ್ಲ.

ಹಂತ 7: ಕೂಡಿಸಿ

2,34,000 ಮತ್ತು 93,000 ಸೇರಿ 3,27,000. ಇದಕ್ಕೆ ಕಷ್ಟಕಾಲಕ್ಕೆಂದು ಶೇ 5 ಸೇರಿಸಿ, ಅಂದರೆ 16,350. ಜೀವನ ವೇತನ ಲೆಕ್ಕ ಹಾಕುವ ಆಂಕರ್ ವಿಧಾನದಲ್ಲೂ ಹೀಗೆ ಸೇರಿಸುತ್ತಾರೆ. ರಿಚರ್ಡ್ ಆಂಕರ್, ಮಾರ್ಥಾ ಆಂಕರ್ ದಂಪತಿ ರೂಪಿಸಿದ ಈ ವಿಧಾನವನ್ನು ಬೇರೆ ಬೇರೆ ದೇಶಗಳಲ್ಲಿ ಬಳಸುತ್ತಾರೆ.

ಮಾದರಿ ಮನೆಯ ವರ್ಷದ ಖರ್ಚು 3,43,350. ತಿಂಗಳಿಗೆ ಸುಮಾರು 28,600. ಅಂಕಿ ನೋಡಿ ಹೌಹಾರಬೇಡಿ. ಇದು ಇಡೀ ಮನೆಗೆ ಬೇಕಾದ್ದು, ಒಬ್ಬರ ಸಂಬಳ ಅಲ್ಲ.

ಹಂತ 8: ದುಡಿಯುವ ಕೈ ಎಷ್ಟು, ದಿನ ಎಷ್ಟು

ಗಂಡನಿಗೆ ವರ್ಷವಿಡೀ ಕೆಲಸ, 1. ಹೆಂಡತಿ ವರ್ಷದಲ್ಲಿ ಏಳು ತಿಂಗಳು ಕೆಲಸಕ್ಕೆ ಹೋಗುತ್ತಾರೆ, ಸುಮಾರು 0.6. ಒಟ್ಟು 1.6. ವರ್ಷದ ಖರ್ಚನ್ನು ಇದರಿಂದ ಭಾಗಿಸಿದರೆ ಪೂರ್ಣಾವಧಿ ದುಡಿಯುವ ಒಬ್ಬರಿಗೆ ತಿಂಗಳಿಗೆ ಸುಮಾರು 17,900 ಬೇಕು. ಇದು ಈ ಮನೆಯ ಜೀವನ ವೇತನ.

ಆದರೆ ಇದರಲ್ಲಿ ಒಂದು ಮೋಸ ಅಡಗಿದೆ. ಹೆಂಡತಿಗೂ ಗಂಡನಷ್ಟೇ ದರ ಸಿಗುತ್ತದೆ ಎಂದು ಹಿಡಿದಿದ್ದೇವೆ. ಹೆಣ್ಣಾಳಿಗೆ ಕಡಿಮೆ ಕೊಡುವಂತಿಲ್ಲ ಎಂದು 1976ರಲ್ಲೇ ಸಮಾನ ವೇತನ ಕಾಯ್ದೆ ಬಂತು. ಹೊಲಗಳಲ್ಲಿ ಮಾತ್ರ ಗಂಡಾಳಿಗೊಂದು, ಹೆಣ್ಣಾಳಿಗೊಂದು ದರ ಇನ್ನೂ ನಡೆಯುತ್ತಿದೆ. ಅವರಿಗೆ ಅರ್ಧವೇ ಸಿಗುತ್ತಿದ್ದರೆ 0.6 ಅಲ್ಲ, 0.3 ಹಿಡಿಯಿರಿ. ಆಗ ಗಂಡನ ಸಂಬಳ 22,000 ಆದರೇ ಮನೆ ನಡೆಯುವುದು.

ದಿನಗೂಲಿಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಬೇಕು. ತಿಂಗಳಿಗೆ 26 ದಿನದಂತೆ ವರ್ಷಕ್ಕೆ 312 ದಿನ ಕೆಲಸ ಸಿಕ್ಕರೆ ದಿನಕ್ಕೆ 688 ರೂಪಾಯಿ ಸಾಕು. 220 ದಿನ ಮಾತ್ರ ಸಿಕ್ಕರೆ 975 ಬೇಕು. ಮನೆ ಅದೇ, ಖರ್ಚು ಅದೇ. ತುಂಗಭದ್ರಾ ಕಾಲುವೆಯ ಭಾಗದಲ್ಲಿ ಈ ದಿನಗಳ ಲೆಕ್ಕವೇ ಎಲ್ಲವನ್ನೂ ತೀರ್ಮಾನಿಸುತ್ತದೆ. 2024ರ ಆಗಸ್ಟ್ 10ರ ರಾತ್ರಿ ಜಲಾಶಯದ 19ನೇ ಗೇಟು ಕೊಚ್ಚಿ ಹೋದಾಗ ಗಂಗಾವತಿ, ಸಿರುಗುಪ್ಪ, ಸಿಂಧನೂರಿನ ಕೂಲಿಕಾರರು ರೈತರಷ್ಟೇ ಹೆದರಿದ್ದು ಇದಕ್ಕೇ. ಎರಡನೇ ಬೆಳೆಗೆ ನೀರಿಲ್ಲ ಎಂದರೆ ಒಂದು ನಾಟಿ, ಒಂದು ಕಳೆ, ಒಂದು ಕೊಯ್ಲಿನ ಕೂಲಿ ಇಲ್ಲ. ಕೊಯ್ಲಿನ ಪಾಲು ಹೇಗೂ ಈಗ ಮೆಷಿನ್ನಿನದು. ನಿಮ್ಮ ದಿನಗಳನ್ನು ಅಂದಾಜಿನ ಮೇಲೆ ಬರೆಯಬೇಡಿ. ಕಳೆದ ವರ್ಷದ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಾ ಎಣಿಸಿ.

ಹೋಲಿಕೆಗೆ, ಉದ್ಯೋಗ ಖಾತ್ರಿಯಲ್ಲಿ 2025-26ಕ್ಕೆ ಕರ್ನಾಟಕದ ದಿನಗೂಲಿ 370 ರೂಪಾಯಿ ಇತ್ತು. ಆಗಿನ ನೂರು ದಿನ ಪೂರ್ತಿ ಸಿಕ್ಕಿದ್ದರೂ 37,000. ನಮ್ಮ ಮಾದರಿ ಮನೆಯ ವರ್ಷದ ಖರ್ಚಿನ ಹತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ.

ಬಳ್ಳಾರಿಯ ಜೀನ್ಸ್ ಹೊಲಿಗೆಯಂಥ ಪೀಸ್ ರೇಟ್ ಕೆಲಸದವರು, ಅಂದರೆ ಪೀಸಿಗೆ ಇಷ್ಟು ಎಂದು ದುಡಿಯುವವರು, ದಿನದ ಅಂಕಿಯನ್ನು ಎಂಟು ಗಂಟೆಗೆ ಭಾಗಿಸಿ. 688 ಎಂದರೆ ಗಂಟೆಗೆ 86. ಗಂಟೆಗೆ ಆರು ಪೀಸ್ ಮುಗಿಸುತ್ತೀರಿ ಎಂದರೆ ಪೀಸಿಗೆ 14 ರೂಪಾಯಿ ಚಿಲ್ಲರೆ ಬೀಳಬೇಕು. ಒಳ್ಳೆಯ ದಿನದ ಪೀಸ್ ಲೆಕ್ಕ ಹಿಡಿಯಬೇಡಿ. ಕರೆಂಟು ಹೋದ ಗಂಟೆ, ಮಾಲು ಬರದೆ ಕಾದು ಕೂತ ಗಂಟೆಯನ್ನೂ ಸೇರಿಸಿ ವಾರದ ಸರಾಸರಿ ತೆಗೆಯಿರಿ. ದಾರ, ಸೂಜಿ, ಮಷೀನ್ ರಿಪೇರಿ ನಿಮ್ಮದೇ ಆಗಿದ್ದರೆ ಅದನ್ನು ಮೊದಲೇ ಕಳೆಯಿರಿ.

ಗುಳೆ ಹೋಗುವ ಯೋಚನೆ ಇದ್ದವರಿಗೂ ಒಂದು ಮಾತು. ಬೆಂಗಳೂರಿನ ಕೂಲಿ ಜಾಸ್ತಿ, ಹೌದು. ಅಲ್ಲಿನ ಎರಡನೇ ಒಲೆ, ಊರಲ್ಲಿ ಬಿಟ್ಟ ಅಮ್ಮನ ಖರ್ಚು, ಮಕ್ಕಳ ನಿಂತ ಶಾಲೆ, ಹೋಗಿ-ಬರುವ ಚಾರ್ಜು ಕಳೆದ ಮೇಲೆ ಉಳಿದದ್ದನ್ನು ಊರಿನ ಕೂಲಿಯ ಜೊತೆ ಹೋಲಿಸಿ.

ಹಂತ 9: ಕೈಗೆ ಬರುವುದು, ಪಟ್ಟಿಯಲ್ಲಿ ಇರುವುದು

17,900 ಎಂದದ್ದು ಕೈಗೆ ಬರಬೇಕಾದ ದುಡ್ಡು. ಸಂಬಳದ ಪಟ್ಟಿಯಲ್ಲಿ ಕಾರ್ಮಿಕರ ಪಾಲಿನ ಪಿಎಫ್ ಶೇ 12, ಇಎಸ್‌ಐ ಶೇ 0.75 ಕಡಿತ ಇರುತ್ತದೆ. ಪಿಎಫ್ ಎಂದರೆ ಭವಿಷ್ಯ ನಿಧಿ. ಇಎಸ್‌ಐ ಎಂದರೆ ತಿಂಗಳಿಗೆ 21,000ವರೆಗೆ ಸಂಬಳ ಇರುವವರ ಆರೋಗ್ಯ ವಿಮೆ. ಪೂರ್ತಿ ಸಂಬಳದ ಮೇಲೆ ಎರಡೂ ಕಡಿತವಾದರೆ ಪಟ್ಟಿಯಲ್ಲಿ ಸುಮಾರು 20,500 ಇದ್ದಾಗ ಕೈಗೆ 17,900 ಬರುತ್ತದೆ.

'ಸಿಟಿಸಿ ಇಪ್ಪತ್ತು ಸಾವಿರ' ಎಂದು ಹೇಳಿದರೆ ಖುಷಿಪಡುವ ಮುಂಚೆ ಕೇಳಿ ತಿಳಿದುಕೊಳ್ಳಿ. ಸಿಟಿಸಿ ಎಂದರೆ ನಿಮಗಾಗಿ ಕಂಪನಿಗೆ ಬೀಳುವ ಒಟ್ಟು ಖರ್ಚು. ಅದರೊಳಗೆ ಮಾಲೀಕರ ಪಾಲಿನ ಪಿಎಫ್, ಕೆಲವೊಮ್ಮೆ ಬೋನಸ್ಸು, ಕ್ಯಾಂಟೀನ್ ಊಟ ಕೂಡ ಸೇರಿರುತ್ತದೆ. 'ಕೈಗೆ ಎಷ್ಟು, ಎಷ್ಟು ಗಂಟೆಗೆ' ಎಂಬ ಎರಡೇ ಪ್ರಶ್ನೆ ಸಾಕು. ಹನ್ನೆರಡು ಗಂಟೆ ದುಡಿದು ಬಂದ 18,000 ಜೀವನ ವೇತನ ಅಲ್ಲ. ಓವರ್‌ಟೈಮ್‌ಗೆ ಕಾನೂನಿನ ಪ್ರಕಾರ ದುಪ್ಪಟ್ಟು ದರ. ಆ ದುಡ್ಡು ಮಾಮೂಲಿ ಸಂಬಳದ ಮೇಲೆ ಬರಬೇಕೇ ಹೊರತು ಅದರೊಳಗೆ ಸೇರಬಾರದು. ಪಿಎಫ್ ಇಲ್ಲದವರು ಮುಪ್ಪಿಗೆಂದು ಇನ್ನೊಂದು ಸಾಲು ಸೇರಿಸಿ.

ಹಂತ 10: ಹಳೆಯ ಸೂತ್ರದಿಂದ ತಾಳೆ ನೋಡಿ

ನಿಮ್ಮ ಲೆಕ್ಕ ಎಲ್ಲೋ ಹಾರಿಹೋಗಿಲ್ಲ ಎಂದು ಖಾತ್ರಿ ಮಾಡಿಕೊಳ್ಳಲು 1957ರ ಸೂತ್ರ ಒಳ್ಳೆಯದು. ಮೂರು ಘಟಕದ ಊಟ, ಬಟ್ಟೆ, ಬಾಡಿಗೆ ಕೂಡಿಸಿ. ಬಟ್ಟೆಗೆ ಅವರ ಅಳತೆ ಕುಟುಂಬಕ್ಕೆ ವರ್ಷಕ್ಕೆ 72 ಗಜ. ನಮ್ಮ ಮನೆಗೆ 8,333 ಊಟ, 1,167 ಬಟ್ಟೆ, 4,000 ಬಾಡಿಗೆ, ಒಟ್ಟು 13,500. ಇಂಧನ, ದೀಪ, ಇತರ ಖರ್ಚು ಒಟ್ಟು ವೇತನದ ಶೇ 20 ಇರಬೇಕು, ಆದ್ದರಿಂದ 0.8ರಿಂದ ಭಾಗಿಸಿ: 16,875. ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪಿಗೆಂದು ಸುಪ್ರೀಂ ಕೋರ್ಟ್ ಅದೇ 1991ರ ತೀರ್ಪಿನಲ್ಲಿ ಹೇಳಿದ ಶೇ 25 ಸೇರಿಸಿ: ಸುಮಾರು 21,100.

ಈ ಸೂತ್ರದಲ್ಲಿ ಹೆಂಡತಿ, ಮಕ್ಕಳ ದುಡಿಮೆಯನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ಒಬ್ಬರ ಸಂಬಳದಲ್ಲೇ ನಾಲ್ವರು ಬದುಕಬೇಕು. ಅಂದರೆ ಅಮ್ಮನನ್ನು ಬಿಟ್ಟು, ಬೈಕು-ಮೊಬೈಲನ್ನು 'ಇತರ'ದಲ್ಲಿ ತುರುಕಿದರೂ ಒಬ್ಬರಿಗೆ 21,100 ಬೇಕು. ನಾವು 1.6 ಕೈ ಎಂದು ಧಾರಾಳವಾಗಿ ಹಂಚಿ 17,900ಕ್ಕೆ ಇಳಿಸಿದ್ದೆವು. ಹಾಗಾಗಿ ನಿಮ್ಮ ಅಂಕಿ ಜಾಸ್ತಿ ಆಯಿತು ಎಂದು ಯಾರಾದರೂ ನಕ್ಕರೆ ಈ ಎರಡನ್ನೂ ಪಕ್ಕದಲ್ಲಿಟ್ಟು ತೋರಿಸಿ. ಕಾರ್ಮಿಕ ಕಚೇರಿಯಿಂದ ತಂದ ದರಪಟ್ಟಿಯನ್ನೂ ಅದರ ಪಕ್ಕ ಇಡಿ. ಸಿಗುತ್ತಿರುವುದು ಕನಿಷ್ಠ ವೇತನಕ್ಕಿಂತಲೂ ಕಡಿಮೆ ಇದ್ದರೆ ಅದು ಚೌಕಾಸಿಯ ವಿಷಯವೇ ಅಲ್ಲ, ದೂರಿನ ವಿಷಯ. ಹಾಜರಿ ಚೀಟಿ, ಬ್ಯಾಂಕಿಗೆ ಬಂದ ಸಂಬಳದ ವಿವರ, ಗೇಟ್ ಪಾಸಿನ ಫೋಟೋ ಜೋಡಿಸಿಕೊಂಡು ಕಾರ್ಮಿಕ ಅಧಿಕಾರಿಗೆ ಬರೆದು ಕೊಡಿ, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಒಬ್ಬರೇ ಹೋಗುವುದಕ್ಕಿಂತ ನಾಲ್ಕು ಜನ ಸೇರಿ ಹೋಗುವುದು ವಾಸಿ.

ಕನಿಷ್ಠ ವೇತನ ಸಿಗುತ್ತಿದೆ, ಆದರೆ ನಿಮ್ಮ ಅಂಕಿಗಿಂತ ಕಡಿಮೆ ಎಂದಾದರೆ ಅದು ಮಾತುಕತೆಯ ವಿಷಯ. ಮಾಲೀಕರ ಮುಂದೆ ಹೋಗುವಾಗ ಇಡೀ ನೋಟ್‌ಬುಕ್ ಬೇಡ, ಸಂಬಳದ ಪುಟ ಸಾಕು. ಮನೆಯ ಪುಟವನ್ನು, ಕೊನೆಯ ಪುಟದ ಸಾಲವನ್ನು ಯಾರಿಗೂ ತೋರಿಸಬೇಡಿ. ಸಾಲ ಇದೆ ಎಂದು ಗೊತ್ತಾದರೆ ಕೆಲವರು ಸಂಬಳ ಏರಿಸುವ ಬದಲು ಮುಂಗಡ ಕೊಡಲು ಬರುತ್ತಾರೆ. ಅದು ಇನ್ನೊಂದು ಕಂತು.

ಯುಗಾದಿಯ ವಾರ, ಶ್ರಾವಣ, ದೀಪಾವಳಿ ಮುಗಿದ ವಾರ. ಈ ಮೂರು ಸಲ ಅದೇ ಅಂಗಡಿಯಲ್ಲಿ, ಅದೇ ಪಟ್ಟಿಯ ದರ ಬರೆದಿಡಿ. ತುಟ್ಟಿಭತ್ಯೆ ಏಪ್ರಿಲ್‌ನಲ್ಲಿ ಎಷ್ಟು ಏರಿತು, ನಿಮ್ಮ ಪಟ್ಟಿ ಎಷ್ಟು ಏರಿತು ಎಂದು ಎರಡನ್ನೂ ಒಂದೇ ಸಾಲಿನಲ್ಲಿ ಬರೆಯಿರಿ. ಪಟ್ಟಿಯ ಸಾಮಾನು ಮಾತ್ರ ಬದಲಿಸಬೇಡಿ. ತೊಗರಿಬೇಳೆ ತುಟ್ಟಿ ಆಯಿತೆಂದು ಅದರ ಜಾಗದಲ್ಲಿ ಅಗ್ಗದ ಬೇಳೆ ಬರೆದರೆ ಬೆಲೆ ಏರಿದ್ದೇ ನಿಮ್ಮ ಪುಸ್ತಕದಲ್ಲಿ ಕಾಣುವುದಿಲ್ಲ.